ಶೆತೆ ಕೇಳದೆ ಬಿಟ್ಟ ಮಾತು

ಶೆತೆ ನನ್ನ ಚಿಕ್ಕಪ್ಪನ ಮಗ. ಬೆಟ್ಟದ ಬುಡದ ಅಲ್ವಾನಿಯಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದು ಬೇಲಿ, ಆ ಬೇಲಿಯಲ್ಲಿ ನನ್ನ ನಾಯಿ ಬಸಾರಾ ಮಾಡಿಕೊಂಡ ಒಂದು ಕಿಂಡಿ. ಹಾಗಾಗಿ ಅವನ ಬದುಕಿನಲ್ಲಿ ನನಗೆ ಗೊತ್ತಿಲ್ಲದ್ದು ಹೆಚ್ಚೇನೂ ಇಲ್ಲ. ಮೀಸೆ ಮೂಡಿದಾಗಿನಿಂದ ಅವನು ಅಬಾನೋ ಘಾಟಿಯಲ್ಲಿ ಗಾಡಿ ಓಡಿಸಿದವನು. ಹಿಮ ಕರಗಿ ದಾರಿ ಬಿಡುತ್ತಿದ್ದಂತೆ ನಮ್ಮ ತೂಷ್ ಜನ ಘಾಟಿಯಾಚೆಗಿನ ತಮ್ಮ ಮೇಲೂರುಗಳಿಗೆ ಹತ್ತುತ್ತಾರೆ, ಚಳಿ ಬೀಳುವ ಮುಂಚೆ ಇಳಿಯುತ್ತಾರೆ. ಹತ್ತಿಸಿ ಇಳಿಸುವ ಡ್ರೈವರುಗಳಲ್ಲಿ ಶೆತೆ ಒಬ್ಬ. ಆ ದಾರಿಗೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಅಲ್ಲಿ ಉರುಳಿ ಸತ್ತವರ ಮುಖ ಕೆತ್ತಿದ ಕಲ್ಲುಗಳು ತಿರುವುಗಳಲ್ಲಿ ನಿಂತಿವೆ, ಕಲ್ಲಿನ ಬುಡದಲ್ಲಿ ಅವರನ್ನು ನೆನೆದು ಕುಡಿಯುವವರಿಗೆಂದು ಬಾಟಲಿ, ಗ್ಲಾಸು. ಶೆತೆಯ ಮುಖ ಇನ್ನೂ ಕಲ್ಲಿಗೆ ಏರದಿದ್ದರೆ ಅದಕ್ಕೆ ಕಾರಣ ಅವನ ಅನುಮಾನದ ಬುದ್ಧಿ. ತಾನೇ ಮುಚ್ಚಿದ ಬಾಗಿಲನ್ನು ಮತ್ತೆ ಎಳೆದು ನೋಡುವ ಗಂಡಸು ಅವನು. ಇಂಥವನ ಜೊತೆ ಅವನ ಹೆಂಡತಿ ಇವ್ಲಿತಾ ಹೇಗೆ ಸಂಸಾರ ಮಾಡಿದಳೋ ಅವಳಿಗೇ ಗೊತ್ತು.

ಅವರಿಗೆ ಒಬ್ಬಳೇ ಮಗಳು, ತೆಕ್ಲಾ. ಸಣ್ಣವಳಿದ್ದಾಗ ಬಂದ ಜ್ವರ ಅವಳ ಎದೆಯ ಕವಾಟವನ್ನು ಕೆಡಿಸಿಬಿಟ್ಟಿತ್ತು. ಹತ್ತೊಂಬತ್ತು ತುಂಬುವಷ್ಟರಲ್ಲಿ ಅಂಗಳ ದಾಟಿದರೆ ಏದುಸಿರು. ಆ ವಸಂತದಲ್ಲಿ ಟಿಬಿಲಿಸಿಯಲ್ಲಿ ಅವಳ ಎದೆ ಕೊಯ್ದರು. ನಾವು ಮೂವರೂ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಶೆತೆ ಎದ್ದು ಗೋಡೆಗೆ ಮುಖ ಮಾಡಿ ನಿಂತ, ತುಟಿ ಅಲ್ಲಾಡುತ್ತಿತ್ತು. ಮಗಳು ಕಣ್ಣು ಬಿಟ್ಟಮೇಲೆ ನಮಗೆ ಹೇಳಿದ, ಈ ಬೇಸಗೆ ತಾನು ಶುಲ್ತಾ ಆಗುತ್ತೇನೆಂದು ಹರಕೆ ಹೊತ್ತಿದ್ದೇನೆ ಅಂತ. ಆದರೆ ಡಾಕ್ಟರರು, ಇದು ಅರ್ಧ ಕೆಲಸ, ಬೇಸಗೆ ಕಳೆದಮೇಲೆ ಇನ್ನೊಂದು ಸಲ ಕೊಯ್ಯಬೇಕು ಎಂದರು. ಅಂದರೆ ಹರಕೆಯ ಕೂಸು ಇನ್ನೂ ಅರ್ಧ ದಾರಿಯಲ್ಲೇ ಇತ್ತು. ಹರಕೆ ತಪ್ಪಿದರೆ ಏನಾಗುತ್ತದೆಂದು ಶೆತೆ ಬಾಯಿಬಿಟ್ಟು ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಶುಲ್ತಾ ಎಂದರೆ ಮೇಲೂರಿನ ಗುಡಿಗೆ ಬಿಯರು ಕಾಯಿಸಿ ಊರಿಗೆ ಹಂಚುವ ಹೊಣೆ ಹೊತ್ತವನು. ಬಾರ್ಲಿಯನ್ನು ಅವನೇ ತನ್ನ ಮನೆಯಿಂದ ಒಯ್ಯಬೇಕು. ಬಾರ್ಲಿಯೂ ಮಡಿಯಾಗಿರಬೇಕು, ಅವನೂ ಮಡಿಯಾಗಿರಬೇಕು. ಹೆಂಗಸರು ಆ ಕಡಾಯಿಯ ಹತ್ತಿರ ಸುಳಿಯುವಂತಿಲ್ಲ. ಅದರ ಬಗ್ಗೆ ನಾನು ಆಡಬೇಕಾದ್ದೆಲ್ಲ ಆಡಿ ಮುಗಿಸಿದ್ದೇನೆ, ಗಂಡಸರು ಕೇಳಿಸದವರ ಹಾಗೆ ಕೂತಿದ್ದೂ ಆಗಿದೆ. ಎಲ್ಲಕ್ಕಿಂತ ದೊಡ್ಡ ಮೈಲಿಗೆ ಹಂದಿ. ಕೆಳಗಿನ ಬಯಲಿನವರು ತಿನ್ನುತ್ತಾರೆ, ಅವರಿಗದು ಹಬ್ಬದೂಟ. ನಮ್ಮಲ್ಲೂ ಕೆಲವರು ಕೆಳಗಿದ್ದಾಗ ತಿಂದು ಮೀಸೆ ಒರೆಸಿಕೊಳ್ಳುತ್ತಾರೆ. ಆದರೆ ಅದರ ಒಂದು ತುಂಡು ಘಾಟಿ ದಾಟಿದರೂ ಆ ಗಾಡಿಗೆ ಉಳಿಗಾಲವಿಲ್ಲ ಎಂದು ನಂಬದ ಡ್ರೈವರನ್ನು ನಾನು ಕಂಡಿಲ್ಲ.

ಇಷ್ಟಕ್ಕೂ ಶೆತೆಯ ಹತ್ತಿರ ಆಗ ಗಾಡಿಯೇ ಇರಲಿಲ್ಲ. ಹಿಂದಿನ ಚಳಿಗಾಲಕ್ಕೆ ಮುಂಚೆ ಘಾಟಿ ಇಳಿಯುವಾಗ ಹಿಂಬಾಗಿಲು ಇದ್ದಕ್ಕಿದ್ದಂತೆ ಮುಚ್ಚಲಾಗದೆ ಹೋಯಿತು. ಇಳಿದು ನೋಡಿದರೆ ಗಾಡಿಯನ್ನು ಹೊರುವ ಅಡಿಯ ಚೌಕಟ್ಟು, ಚಾಸಿಯೇ ನಡುವೆ ಸೀಳಿತ್ತು. ಅಲ್ಲಿಗೆ ಅದರ ಕಥೆ ಮುಗಿಯಿತು. ಇದ್ದ ಎರಡು ಕುದುರೆ ಮಾರಿ, ಬೇರೆ ಗಾಡಿ ಹುಡುಕಲು ರುಸ್ತಾವಿಯ ಹಳೇ ಕಾರುಗಳ ಸಂತೆಗೆ ಹೊರಟ. ನಾನೂ ಜೊತೆಗೆ ಹೋದೆ. ಸೋವಿಯತ್ ಕಾಲದಲ್ಲಿ ಟ್ರ್ಯಾಕ್ಟರು ಓಡಿಸಿದವಳು ನಾನು, ಇಂಜಿನ್ನಿನ ಕೆಮ್ಮು ನನಗೂ ತಿಳಿಯುತ್ತದೆ.

ಅವನು ಗಾಡಿ ನೋಡುವ ರೀತಿ ನೋಡಿದರೆ ಮಾರುವವನಿಗೆ ಜ್ವರ ಬರಬೇಕು. ಮೊದಲು ಅಂಗೈಯನ್ನು ಬಾನೆಟ್ಟಿನ ಮೇಲಿಡುತ್ತಾನೆ. ಬೆಚ್ಚಗಿದ್ದರೆ ಮುಂದಕ್ಕೆ ನಡೆದುಬಿಡುತ್ತಾನೆ. ಡೀಸೆಲ್ ಇಂಜಿನ್ನು ತಣ್ಣಗಿದ್ದಾಗ ಎದ್ದೇಳಬೇಕು, ಮುಂಚೆಯೇ ಬಿಸಿ ಮಾಡಿಟ್ಟವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಅವನ ಲೆಕ್ಕ. ಒಬ್ಬ, ಬಿಸಿಲಿಗೆ ನಿಂತು ಕಾದಿದೆ ಅಷ್ಟೇ ಅಂದ. ಅಂದು ಬೆಳಗಿನಿಂದ ಮೋಡ ಮುಚ್ಚಿಕೊಂಡಿತ್ತು. ಇಂಜಿನ್ನು ಎದ್ದಮೇಲೆ ಶೆತೆ ಹಿಂದೆ ಹೋಗಿ ಹೊಗೆ ನೋಡುತ್ತಾನೆ. ನೀಲಿಯಾದರೆ ಎಣ್ಣೆ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೆ ಬಂದರೆ ನೀರು ಸೇರಿದೆ. ಮತ್ತೆ ಮುಂದೆ ಬಂದು ಎಣ್ಣೆ ಹಾಕುವ ಮುಚ್ಚಳ ತೆಗೆಯುತ್ತಾನೆ, ಅಲ್ಲಿಂದ ಬುಸುಬುಸು ಉಸಿರು ಬಂದರೆ ಒಳಗೆ ಸವೆದಿದೆ ಎಂದು ಮುಚ್ಚಳ ಹಾಕಿ ಥ್ಯಾಂಕ್ಸ್ ಹೇಳುತ್ತಾನೆ. ಆಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ತೂರುತ್ತಾನೆ, ಕೈಯಲ್ಲಿ ಸಣ್ಣ ಸುತ್ತಿಗೆ. ಹೊಸದಾಗಿ ಕಪ್ಪು ಬಳಿದ ಚಾಸಿ ಕಂಡರೆ ಅವನಿಗೆ ಸಿಟ್ಟು. ಬಡಿದು ನೋಡುತ್ತಾನೆ, ಟಣ್ ಅನ್ನದೆ ಡೊಬ್ ಅಂದರೆ ತುಕ್ಕು.

ಒಂದು ಗಾಡಿ ಇದೆಲ್ಲವನ್ನೂ ದಾಟಿತು. ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಗೇರು ಎಳೆದರೆ ದೀಪವೂ ಹೊತ್ತಿಕೊಂಡಿತು. ಶೆತೆ ಕೆಳಗೆ ಮಲಗಿ ನೋಡಿದರೆ ಮುಂದಿನ ಚಕ್ರಗಳಿಗೆ ಹೋಗುವ ಶಾಫ್ಟೇ ಇಲ್ಲ, ಯಾರೋ ಬಿಚ್ಚಿ ಮಾರಿಕೊಂಡಿದ್ದರು. ಮಾರುವವನು ನಾಚಲೂ ಇಲ್ಲ. ನಿಮಗ್ಯಾಕೆ ಅದು, ಬೆಟ್ಟ ಹತ್ತಬೇಕಾ ಎಂದು ಕೇಳಿದ.

ಹೀಗೆ ರುಸ್ತಾವಿಗೆ ಹೋಗುವುದು, ಬರಿಗೈಯಲ್ಲಿ ಬರುವುದು. ಅಷ್ಟರಲ್ಲಿ ಬುಲ್ಡೋಜರು ಘಾಟಿಯ ಹಿಮ ತಳ್ಳಿ ದಾರಿ ಬಿಡಿಸಿತು. ಬೇರೆಯವರ ಗಾಡಿಗಳು ಹತ್ತತೊಡಗಿದವು. ಅಂಗಳದಲ್ಲಿ ಕೂತ ತೆಕ್ಲಾ ಅವನ್ನು ನೋಡುತ್ತಿದ್ದಳು, ಶೆತೆ ಅವಳನ್ನು ನೋಡುತ್ತಿದ್ದ. ಊಟ ಬಿಟ್ಟ. ಬೈದರೆ ಒಂದು ತುತ್ತು ತಿನ್ನುವನು, ಬಾಯಲ್ಲೇ ಇಟ್ಟುಕೊಂಡು ಕೂರುವನು. ಅವನ ಹತಾಶೆ ನೋಡಿ ನನಗೆ ಅಳು ಬರುವ ಬದಲು ಸಿಟ್ಟು ಬರುತ್ತಿತ್ತು. ನನ್ನ ಸ್ವಭಾವವೇ ಹಾಗೆ.

ಆಗ ಗೋತಾ ಸಿಕ್ಕಿದ. ಗೋತಾ ನಮ್ಮವನೇ, ನಮ್ಮ ಮೇಲೂರಿನವನೇ. ಮೊದಲು ಘಾಟಿಯಲ್ಲಿ ಓಡಿಸುತ್ತಿದ್ದು, ಸೊಂಟ ಬಿದ್ದಮೇಲೆ ತೆಲಾವಿಗೆ ಹೋಗಿ ನೆಲೆಸಿದ್ದ. ಅವನ ಜಪಾನಿ ಡೀಸೆಲ್ ಗಾಡಿ ಮಾರುವುದಕ್ಕಿತ್ತು. ಇಲ್ಲಿಯ ಗಾಡಿಗಳಂತೆ ಎಡಕ್ಕಲ್ಲ, ಸ್ಟಿಯರಿಂಗ್ ಬಲಕ್ಕಿರುವ ಗಾಡಿ. ಘಾಟಿಯವರಿಗೆ ಅಂಥದ್ದೇ ಬೇಕು, ತಲೆ ಹೊರಹಾಕಿದರೆ ಪ್ರಪಾತದ ಅಂಚಿನ ಚಕ್ರ ಕಾಣುತ್ತದೆ. ತನ್ನವನೆಂದು ಶೆತೆ ಒಂದಿಷ್ಟೂ ರಿಯಾಯಿತಿ ತೋರಿಸಲಿಲ್ಲ. ಕೈಯಿಟ್ಟು ನೋಡಿದ, ಬಾನೆಟ್ಟು ತಣ್ಣಗಿತ್ತು. ಒಂದೇ ತಿರುವಿಗೆ ಎದ್ದಿತು. ಹೊಗೆ ಒಂದು ಕ್ಷಣ ಬಂದು ತಿಳಿಯಾಯಿತು. ಮುಚ್ಚಳದಲ್ಲಿ ಉಸಿರಿಲ್ಲ. ಚಾಸಿ ಗಂಟೆಯ ಹಾಗೆ ಟಣ್ ಅಂದಿತು. ನದಿಯ ಉರುಟುಗಲ್ಲಿನ ಮೇಲೆ ಲೋ ಗೇರಿಗೆ ಹಾಕಿ ಹತ್ತಿಸಿದ, ಇಳಿಸಿದ, ನಾಲ್ಕೂ ಚಕ್ರ ಕಲ್ಲು ಕಚ್ಚಿದವು. ಅಷ್ಟು ತಿಂಗಳಲ್ಲಿ ಮೊದಲ ಸಲ ಶೆತೆ ನಕ್ಕಿದ್ದನ್ನು ಕಂಡೆ. ಗೋತಾ ವೈನು ತಂದ, ಇಬ್ಬರೂ ಗ್ಲಾಸು ಎತ್ತಿ, ಸತ್ತ ಡ್ರೈವರುಗಳನ್ನು ನೆನೆದು ಕುಡಿದರು. ಗೋತಾ ತೆಕ್ಲಾಳ ಹೆಸರಿನಲ್ಲಿಯೂ ಕುಡಿದ.

ಎಷ್ಟು ಓಡಿದೆ, ಎಲ್ಲಿ ಬೆಸುಗೆ ಹಾಕಿದೆ, ಯಾವ ಎಣ್ಣೆ ಹಾಕುತ್ತೀ, ಎಲ್ಲವನ್ನೂ ಶೆತೆ ಕೇಳಿದ. ಇದರಲ್ಲಿ ಏನನ್ನು ಸಾಗಿಸಿದ್ದೀ ಎಂದು ಮಾತ್ರ ಕೇಳಲಿಲ್ಲ. ರುಸ್ತಾವಿಯಲ್ಲಿ ಬಾನೆಟ್ಟು ಮುಟ್ಟುವ ಮುಂಚೆ ಪ್ರತಿಯೊಬ್ಬನನ್ನೂ ಅದನ್ನೇ ಕೇಳುತ್ತಿದ್ದ. ಆದರೆ ತೂಷನೊಬ್ಬ ಇನ್ನೊಬ್ಬ ತೂಷನನ್ನು ಆ ಮಾತು ಕೇಳುವುದೆಂದರೆ ಅವನ ಮನೆತನದ ಮೇಲೆ ಉಗಿದ ಹಾಗೆ. ಪಕ್ಕದಲ್ಲೇ ನಿಂತಿದ್ದ ನನಗೂ ಅದು ಹೊಳೆಯಲಿಲ್ಲ.

ಆ ಗಾಡಿಯಲ್ಲಿ ಅವನು ಘಾಟಿ ದಾಟಿ ಮೇಲೂರಿಗೆ ಹೋಗಿ, ಬಿಯರು ಕಾಯಿಸುವ ಕಟ್ಟಿಗೆ ಹೊಂದಿಸಿ ಬಂದ. ನಂತರ ಹರಕೆಯ ಪಾಲಿನ ಎರಡು ಮೂಟೆ ಬಾರ್ಲಿಯನ್ನು ಹಿಂದೆ ಹೇರಿ, ನಾಳೆ ಹೊರಡುತ್ತೇನೆ ಎಂದು ಬೇಲಿಯ ಪಕ್ಕ ನಿಲ್ಲಿಸಿದ. ಬಾಗಿಲು ತೆರೆದಿತ್ತು, ಬಿಸಿಲು ಜೋರಿತ್ತು. ನನ್ನ ನಾಯಿ ಬಸಾರಾ ಕಿಂಡಿಯಲ್ಲಿ ನುಗ್ಗಿ ಗಾಡಿ ಹತ್ತಿದ. ಕರೆದೆ, ಬರಲಿಲ್ಲ. ಗದರಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಸೀಟಿನ ಬೋಲ್ಟಿನ ಸಂದನ್ನು ನೆಕ್ಕುತ್ತಾ ನಿಂತುಬಿಟ್ಟಿದ್ದ. ಅವನನ್ನು ಎಳೆದು ಹಾಕಿ ರಬ್ಬರ್ ಮ್ಯಾಟು ಎತ್ತಿದೆ. ತಗಡಿನ ಗೀರುಗಳಲ್ಲಿ ಬಿಳಿ ಕೊಬ್ಬು ಹೆಪ್ಪುಗಟ್ಟಿ ಬಿಸಿಲಿಗೆ ಕರಗುತ್ತಿತ್ತು. ಅದರಲ್ಲಿ ಅಂಟಿಕೊಂಡಿದ್ದ ಗಡಸು ಕೂದಲು ಕುರಿಯದ್ದಲ್ಲ, ಮೇಕೆಯದ್ದೂ ಅಲ್ಲ.

ಮ್ಯಾಟು ಮತ್ತೆ ಹಾಸಿ ಸುಮ್ಮನಿರಬಹುದಿತ್ತು. ನನಗೆ ಆ ನಂಬಿಕೆ ಅಷ್ಟಕ್ಕಷ್ಟೇ. ಆದರೆ ಅವನ ಬಾರ್ಲಿಯ ಬಗ್ಗೆ ಅವನಿಗಿಂತ ಹೆಚ್ಚು ನಾನು ತಿಳಿದುಕೊಂಡು ಬದುಕುವುದು ನನ್ನಿಂದಾಗದ ಕೆಲಸ. ಕರೆದು ತೋರಿಸಿದೆ. ಅವನು ಕೂದಲೊಂದನ್ನು ಉಗುರಿನಲ್ಲಿ ಎತ್ತಿ ಬೆಳಕಿಗೆ ಹಿಡಿದ.

ತೆಲಾವಿಗೆ ಬಸ್ಸಿನಲ್ಲಿ ಹೋದೆವು, ಗಾಡಿ ಮುಟ್ಟಲಿಲ್ಲ. ಗೋತಾ ಅಂಗಳದಲ್ಲಿ ಬಳ್ಳಿಗೆ ಔಷಧಿ ಹೊಡೆಯುತ್ತಿದ್ದ. ನಮ್ಮನ್ನು ನೋಡಿದ ಕೂಡಲೇ ಅವನಿಗೆ ತಿಳಿದುಹೋಯಿತು. ಚಳಿಗಾಲದಲ್ಲಿ ಮನೆ ನಡೆಯದೆ, ಬಯಲಿನ ಕಟುಕನೊಬ್ಬನಿಗೆ ಗಾಡಿ ಬಾಡಿಗೆಗೆ ಕೊಟ್ಟಿದ್ದನಂತೆ. ತೊಳೆಸಿದ್ದನಂತೆ.

"ನನ್ನ ಮಗಳ ಹರಕೆ ಕಣೋ ಅದು," ಅಂದ ಶೆತೆ. ದನಿ ಏರಿರಲಿಲ್ಲ.

"ನೀನು ಕೇಳ್ಲಿಲ್ಲ, ಶೆತೆ."

"ಕೇಳಿದ್ರೆ?"

ಗೋತಾ ಔಷಧಿಯ ಪಂಪನ್ನು ಕೆಳಗಿಟ್ಟ. "ಕೇಳಿದ್ರೆ ನಿನ್ನ ಕಪಾಳಕ್ಕೆ ಹೊಡೀತಿದ್ದೆ," ಅಂದ. "ಆಮೇಲೂ ಇಲ್ಲ ಅಂತಾನೇ ಹೇಳ್ತಿದ್ದೆ. ನನಗೂ ಹೆಂಡ್ತಿ ಮಕ್ಕಳಿದ್ದಾರೆ."

ನಾನು ಅವನಿಗೆ ನನ್ನ ಬಾಯಲ್ಲಿದ್ದ ಬೈಗುಳವನ್ನೆಲ್ಲ ಬೈದೆ. ಶೆತೆ ನನ್ನ ತೋಳು ಹಿಡಿದು ಎಳೆದುಕೊಂಡು ಬಂದ.

ಅವನು ಎರಡೂ ಮೂಟೆ ಬಾರ್ಲಿಯನ್ನು ಕೋಳಿಗಳಿಗೆ ಸುರಿದ. ಗಾಡಿಯ ಸೀಟು ಬಿಚ್ಚಿ, ತಗಡನ್ನು ಸೀಮೆಎಣ್ಣೆ ಹಾಕಿ ಉಜ್ಜಿದ, ಬಿಸಿನೀರು ಹಾಕಿ ಉಜ್ಜಿದ, ನದಿಗೆ ಒಯ್ದು ಮತ್ತೆ ಉಜ್ಜಿದ. ನನ್ನ ಮೂಗಿಗೆ ಸೀಮೆಎಣ್ಣೆ ಬಿಟ್ಟರೆ ಬೇರೆ ವಾಸನೆ ಬರಲಿಲ್ಲ. ಅವನಿಗೆ ಬರುತ್ತಿತ್ತು. ಆ ವಾರವೇ ತೆಕ್ಲಾಳಿಗೆ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟಿತು. ಅವಳಿಗೆ ಹಾಗಾಗುವುದು ಹೊಸತೇನಲ್ಲ ಎಂದು ಸಾರಿ ಸಾರಿ ಹೇಳಿದೆ. ಅವನು ಗೋಡೆಗೆ ಒರಗಿ ಕೂತು, ಆ ಗಾಡಿಯಲ್ಲಿ ಆಗಲೇ ಒಂದು ಸಲ ಘಾಟಿ ದಾಟಿಬಿಟ್ಟೆನಲ್ಲ ಅಂತ ಹೇಳಿದ್ದನ್ನೇ ಹೇಳಿದ. ಬೆಟ್ಟದಂಥ ಗಂಡಸು ಹಾಗೆ ಕೂತದ್ದನ್ನು ನೋಡಲು ನನ್ನಿಂದಾಗಲಿಲ್ಲ.

ಹೊಸ ಬಾರ್ಲಿ ತಂದ. ಬೇರೆ ಯಾರದಾದರೂ ಗಾಡಿಯಲ್ಲಿ ಕಳಿಸು, ಇಲ್ಲ ಕುದುರೆ ಕೇಳು ಎಂದೆ. ಕುದುರೆಗಳೆಲ್ಲ ಮೇಲಿದ್ದವು, ಪ್ರವಾಸಿಗಳನ್ನು ಹೊತ್ತು ತಿರುಗುತ್ತಿದ್ದವು. ಗಾಡಿಯ ಮಾತಿಗೆ ಅವನು ಹೀಗಂದ.

"ಯಾರ ಗಾಡೀಲಿ, ಅಕ್ಕ? ಯಾರ ಮನೆಗೆ ಹೋಗಿ ಮ್ಯಾಟ್ ಎತ್ತಿ ನೋಡ್ಲಿ? ಗೋತಾನಂಥವನೇ ಹೀಗೆ ಮಾಡಿದಮೇಲೆ ಯಾರನ್ನ ನಂಬ್ಲಿ? ನನ್ನ ಬೆನ್ನು ಏನೇನು ಹೊತ್ತಿದೆ ಅಂತ ನನಗೆ ಗೊತ್ತು. ಅದೊಂದೇ ಈಗ ನನಗೆ ಗೊತ್ತಿರೋದು."

ಗಾಡಿಯ ಕೀಲಿಯನ್ನು ಮೊಳೆಗೆ ನೇತುಹಾಕಿ, ಇದನ್ನು ಯಾರೂ ಮುಟ್ಟಕೂಡದೆಂದು ಇವ್ಲಿತಾಳಿಂದ ಮಾತು ತೆಗೆದುಕೊಂಡ. ಹರಕೆಗೆ ಒಂದಾದರೂ ಸಲ್ಲುತ್ತದೆ, ಬೆನ್ನು ಹೊರುವುದು ಅಷ್ಟೇ ಎಂದು ಒಂದು ಮೂಟೆಯನ್ನು ಹಗ್ಗದಲ್ಲಿ ಬೆನ್ನಿಗೆ ಬಿಗಿದುಕೊಂಡು ಬೆಳಗ್ಗೆ ಹೊರಟ. ಗಾಡಿಗಳೇ ದಿನವೆಲ್ಲ ತೆವಳುವ ದಾರಿ ಅದು. ಆಮೇಲೆ ಡ್ರೈವರುಗಳು ಹೇಳಿದರು, ಒಬ್ಬೊಬ್ಬರೂ ಅವನ ಪಕ್ಕ ನಿಲ್ಲಿಸಿ, ಹತ್ತು ಮಾರಾಯ ಎಂದು ಕರೆದರಂತೆ. ಇವನು ತಲೆಯಾಡಿಸಿ ಮುಂದೆ ನಡೆದನಂತೆ. ಕಾರಣ ಹೇಳಲಿಲ್ಲ. ಹೇಳಿದ್ದರೆ ಗೋತಾನ ಮನೆತನ ಊರಿನಲ್ಲಿ ತಲೆಯೆತ್ತುವ ಹಾಗಿರಲಿಲ್ಲ. ಅಂಥವನ ಮಾನವನ್ನೂ ಬಾರ್ಲಿಯ ಜೊತೆ ಹೊತ್ತುಕೊಂಡು ಹೋದ ನನ್ನ ತಮ್ಮ.

ಅವನು ಹೋದ ಮೂರನೆಯ ದಿನ ಮಧ್ಯಾಹ್ನ ಇವ್ಲಿತಾ ಬೇಲಿಯ ಆಚೆಯಿಂದ ಕಿರುಚಿಕೊಂಡಳು. ಹೋಗಿ ನೋಡಿದರೆ ತೆಕ್ಲಾ ನೆಲದ ಮೇಲೆ ಕೂತು ಬಾಯಿಂದ ಉಸಿರೆಳೆಯುತ್ತಿದ್ದಾಳೆ, ತುಟಿ ನೀಲಿಯಾಗಿದೆ. ಆಂಬುಲೆನ್ಸಿಗೆ ಫೋನು ಮಾಡಿದೆವು, ದೂರದಲ್ಲಿದೆ, ಬರುತ್ತದೆ ಎಂದರು. ಅಕ್ಕಪಕ್ಕದ ಗಾಡಿಗಳೆಲ್ಲ ಗಂಡಸರ ಜೊತೆ ಮೇಲೆ ಹೋಗಿದ್ದವು. ಶೆತೆಯ ಫೋನು ಆ ಬೆಟ್ಟದಲ್ಲಿ ಸತ್ತ ಕಲ್ಲು. ನಾನು ಮೊಳೆಯಿಂದ ಕೀಲಿ ಕಿತ್ತುಕೊಂಡೆ.

ಇವ್ಲಿತಾ ಬಂದು ಗಾಡಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಗಂಡ ಎಲ್ಲೋ ಬೆಟ್ಟದಲ್ಲಿ ಬೆನ್ನು ಮುರಿದುಕೊಳ್ಳುತ್ತಿದ್ದಾನೆ, ಈಗ ಇವಳನ್ನು ಇದರಲ್ಲಿ ಕೂರಿಸಿದರೆ ಅದೆಲ್ಲ ಮಣ್ಣುಪಾಲು, ಇವಳೂ ಉಳಿಯುವುದಿಲ್ಲ ಎಂದು ಅಳುತ್ತಿದ್ದಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವಳಷ್ಟೇ ಭಯ ನನಗೂ ಇತ್ತು. ಹಂದಿಯ ಭಯವಲ್ಲ, ಆದರೆ ಇಷ್ಟು ದಿನ ಆ ಭಯದ ಪಕ್ಕದಲ್ಲೇ ಬದುಕಿ ಅದು ಸ್ವಲ್ಪ ನನಗೂ ಅಂಟಿತ್ತು.

ತೆಕ್ಲಾ ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಳು. ಒಂದೊಂದು ಮಾತಿಗೂ ಉಸಿರು ಎಳೆಯುತ್ತಾ, "ಅಮ್ಮ, ಪಕ್ಕಕ್ಕೆ ಸರಿ," ಅಂದಳು. "ಅದರಲ್ಲಿ ಹೋಗಿದ್ದು ಸತ್ತ ಹಂದಿ. ನಾನಿನ್ನೂ ಸತ್ತಿಲ್ಲ."

ಅವಳ ಅಮ್ಮ ಪಕ್ಕಕ್ಕೆ ಸರಿದಳು.

ಗಾಡಿ ಅಷ್ಟು ದಿನ ನಿಂತಿತ್ತು, ತಣ್ಣಗಿತ್ತು. ಒಂದೇ ತಿರುವಿಗೆ ಎದ್ದಿತು. ಟಿಬಿಲಿಸಿಯ ದಾರಿಯಲ್ಲಿರುವ ಗೊಂಬೋರಿ ಘಾಟಿಯಲ್ಲಿ ಮಳೆ ಹಿಡಿದುಕೊಂಡಿತು, ಒಂದು ತಿರುವಿನಲ್ಲಿ ಗುಡ್ಡ ಜರಿದು ದಾರಿಯ ಮೇಲೆ ಕೆಸರು ಬಿದ್ದಿತ್ತು, ಆಚೆ ಈಚೆ ಕಾರುಗಳು ನಿಂತುಬಿಟ್ಟಿದ್ದವು. ಹಿಂದಿನ ಸೀಟಿನಲ್ಲಿ ಇವ್ಲಿತಾ ಮಗಳ ತಲೆ ಎದೆಗೆ ಒತ್ತಿಕೊಂಡು ದೇವರ ಹೆಸರುಗಳನ್ನೆಲ್ಲ ಹೇಳುತ್ತಿದ್ದಳು. ಲೋ ಗೇರಿಗೆ ಹಾಕಿದೆ. ಶೆತೆ ನದಿಯ ಕಲ್ಲಿನ ಮೇಲೆ ಹತ್ತಿಸಿ ತೋರಿಸಿದ್ದನಲ್ಲ, ಹಾಗೆಯೇ ನಾಲ್ಕೂ ಚಕ್ರ ಕೆಸರನ್ನು ಕಚ್ಚಿ ಹತ್ತಿದವು. ಆಗ ನಾನು ಗುಡಿಯನ್ನೂ ನೆನೆಯಲಿಲ್ಲ, ದೇವರನ್ನೂ ನೆನೆಯಲಿಲ್ಲ. ಸುತ್ತಿಗೆ ಹಿಡಿದು ಗಾಡಿಯ ಕೆಳಗೆ ಮಲಗುತ್ತಿದ್ದ ಆ ಅನುಮಾನದ ಮನುಷ್ಯನನ್ನು ನೆನೆದೆ.

ಟಿಬಿಲಿಸಿ ಮುಟ್ಟಿದ ಕೂಡಲೇ ಅವಳನ್ನು ಒಳಗೆ ತೆಗೆದುಕೊಂಡು ಹೋದರು, ಬೇಸಗೆ ಕಳೆಯಲು ಕಾಯಲಿಲ್ಲ.

ಶೆತೆಗೆ ಸುದ್ದಿ ಡ್ರೈವರೊಬ್ಬನ ಬಾಯಲ್ಲಿ ಮೇಲೂರಿನಲ್ಲಿ ತಲುಪಿತು. ಮೂಟೆ ಇಳಿಸಿಯಾಗಿತ್ತು, ಬಿಯರು ಕಾಯಿಸಲು ಇನ್ನೂ ದಿನವಿತ್ತು, ಬಾರ್ಲಿಯ ಮಡಿಯ ಚಿಂತೆ ಇರಲಿಲ್ಲ, ಸಿಕ್ಕ ಗಾಡಿ ಹತ್ತಿ ಬಂದ. ಆಸ್ಪತ್ರೆಯ ಬಾಗಿಲಲ್ಲಿ ಅವನನ್ನು ಕಂಡಾಗ ನನಗೆ ಗುರುತು ಸಿಗಲಿಲ್ಲ. ಅಂಗಿ ಭುಜಕ್ಕೆ ಅಂಟಿಕೊಂಡು ರಕ್ತ ಒಣಗಿತ್ತು, ಹಗ್ಗ ಕೊಯ್ದ ಗುರುತು ಎದೆಯವರೆಗೆ ಇತ್ತು. ಮಗಳು ಉಳಿದಳು ಎಂದು ಡಾಕ್ಟರರು ಆಗಷ್ಟೇ ಹೇಳಿಹೋಗಿದ್ದರು. ಅವನು ಗಾಜಿನ ಆಚೆಯಿಂದ ಅವಳನ್ನು ನೋಡಿದ, ಮುಖ ಒರೆಸಿಕೊಂಡ, ಇವ್ಲಿತಾಳ ತಲೆಯ ಮೇಲೆ ಕೈಯಿಟ್ಟ. ಮೂಟೆ ಗುಡಿಯ ಮುಂದೆ ಇಳಿಸಿದ ದಿನವೇ ಅವಳನ್ನು ಕೊಯ್ದದ್ದು ಎಂದು ಇವ್ಲಿತಾ ಹೇಳಿದಳು. ಅವನು ಹೌದು ಎಂದ. ಹೇಗೆ ಕರೆತಂದಿರಿ ಎಂದು ಕೇಳಲಿಲ್ಲ. ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ನಾವಿಬ್ಬರೂ ಕಾಯುತ್ತಾ ಕೂತಿದ್ದೆವು.

ಸಂಜೆ ಬ್ರೆಡ್ಡು ತರಲು ಅವನೊಡನೆ ಅಂಗಳಕ್ಕೆ ಇಳಿದೆ. ಮರದ ಕೆಳಗೆ ಗಾಡಿ ನಿಂತಿತ್ತು, ಗೊಂಬೋರಿಯ ಕೆಸರು ಬಾಗಿಲಿನವರೆಗೂ ಮೆತ್ತಿಕೊಂಡಿತ್ತು. ಶೆತೆ ನಿಂತ. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದ, ಕೊಳ್ಳಲು ಬಂದವನ ಹಾಗೆ. ಬಗ್ಗಿ ಚಕ್ರದ ಹಿಂದಿನ ಕೆಸರನ್ನು ಬೆರಳಿನಲ್ಲಿ ಕೆರೆದು ನೋಡಿದ.

"ಏರುವಾಗ ಹೊಗೆ ಬಂತಾ, ಅಕ್ಕ?" ಎಂದು ಕೇಳಿದ.

"ಇಲ್ಲ."

"ಇಂಜಿನ್ನಿನ ಬಿಸಿ ತೋರಿಸೋ ಮುಳ್ಳು?"

"ನಡುವಲ್ಲೇ ಇತ್ತು. ಅಲುಗಾಡ್ಲಿಲ್ಲ."

ಅವನು ತಲೆಯಾಡಿಸಿದ. ಟೋಪಿ ತೆಗೆದು, ಕೆಸರು ಮೆತ್ತಿದ ಆ ಬಾನೆಟ್ಟಿನ ಮೇಲೆ ಮೊದಲು ಅಂಗೈಯಿಟ್ಟ, ಆಮೇಲೆ ಹಣೆಯಿಟ್ಟ. ಆ ರಕ್ತ ಒಣಗಿದ ಭುಜ ಅಲುಗುತ್ತಿತ್ತು. ನಾನು ಬ್ರೆಡ್ಡಿನ ನೆಪ ಹೇಳಿ ಮುಂದೆ ನಡೆದೆ.

ಅಲ್ವಾನಿಗೆ ಅವನು ಬಸ್ಸಿನಲ್ಲೇ ಬಂದ, ಗಾಡಿ ನಾನು ತಂದೆ. ಅದು ಈಗ ನನ್ನ ಅಂಗಳದಲ್ಲಿದೆ, ಅಬಾನೋ ಘಾಟಿ ಹತ್ತುವುದಿಲ್ಲ, ತೆಕ್ಲಾಳನ್ನು ಡಾಕ್ಟರರಿಗೆ ತೋರಿಸಲು ಟಿಬಿಲಿಸಿಗೆ ಒಯ್ಯುತ್ತದೆ, ಕರೆತರುತ್ತದೆ. ಅಂದಿನಿಂದ ಶೆತೆ ಅದರಲ್ಲಿ ಒಂದು ಸಲವೂ ಕೂತಿಲ್ಲ. ಆದರೆ ಅದರ ಎಣ್ಣೆ ಬದಲಾಯಿಸುವವನು ಅವನೇ.